ಬೀರುವಿನ ಬೀಗದ ಕೈ

ಹೊಸ ಮನೆ ಕಟ್ಟುವವರು ಮಲಗುವ ಕೋಣೆಯ ವಿಚಾರಕ್ಕೆ ಬಂದಾಗ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಮಂಚಕ್ಕಲ್ಲ, ಬೀರುವಿಗೆ. ಕಬ್ಬಿಣದ್ದೋ ಮರದ್ದೋ, ಗೋಡೆಗೇ ಸೇರಿಸಿ ಕಟ್ಟಿಸುವುದೋ ಅಂಗಡಿಯಿಂದ ತಂದು ನಿಲ್ಲಿಸುವುದೋ ಎಂದು ಮನೆಮಂದಿಯೆಲ್ಲ ಚರ್ಚಿಸುತ್ತಾರೆ. ಬೆಲೆ, ಬಣ್ಣ, ಅಳತೆಗಳ ಈ ಲೆಕ್ಕಾಚಾರದ ಹಿಂದೆ ದೊಡ್ಡದೊಂದು ಚರಿತ್ರೆಯಿದೆ. ನಾವು ಏನನ್ನು ಉಡುತ್ತಿದ್ದೆವು, ಯಾವುದಕ್ಕೆ ಹೆದರುತ್ತಿದ್ದೆವು, ಮನೆಯಲ್ಲಿ ‘ಇದು ನನ್ನದು’ ಎನ್ನುವ ಅಧಿಕಾರ ಯಾರಿಗಿತ್ತು ಎಂಬುದೆಲ್ಲ ಅದರಲ್ಲಿ ಅಡಗಿದೆ.

ಹೆಸರುಗಳಿಂದಲೇ ಆರಂಭಿಸಬಹುದು. ‘ಅಲಮಾರು’ ಪೋರ್ಚುಗೀಸರ ‘ಅರ್ಮಾರಿಯೊ’ದಿಂದ ಬಂದದ್ದು. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ಆಯುಧ, ಸಲಕರಣೆಗಳನ್ನು ಇಡುವ ಜಾಗ ಎಂಬ ಅರ್ಥವಿತ್ತು. ‘ಬೀರು’ ಫ್ರೆಂಚರ ‘ಬ್ಯೂರೋ’. ಬರೆಯುವ ಮೇಜಿಗೆ ಹಾಸುವ ಒರಟು ಉಣ್ಣೆಬಟ್ಟೆಯಿಂದ ಹುಟ್ಟಿದ ಈ ಹೆಸರು ಮೇಜಿಗೂ, ಅಲ್ಲಿಂದ ಕಚೇರಿಗೂ ಸಂದು, ನಮ್ಮಲ್ಲಿ ಬಟ್ಟೆಯ ಕಪಾಟಿಗೆ ಬಂದು ನಿಂತಿತು. ‘ವಾರ್ಡ್‌ರೋಬ್’ ಎಂದರೆ ಉಡುಪಿನ ಕಾವಲು. 13ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ಅರಸನ ಒಂದು ಇಲಾಖೆಯೇ ಆಗಿತ್ತು. ಬಟ್ಟೆ, ಒಡವೆಗಳ ಜೊತೆಗೆ ಯುದ್ಧದ ಖರ್ಚನ್ನೂ ನೋಡಿಕೊಳ್ಳುತ್ತಿತ್ತು. ಬಟ್ಟೆ, ಹಣ, ಬೀಗ ಈ ಮೂರರ ನಂಟು ಅಷ್ಟು ಹಳೆಯದು.

ನಮ್ಮ ಹಳೆಯ ಮನೆಗಳಲ್ಲಿ ಬಟ್ಟೆಗೆಂದೇ ನಿಂತ ಕಪಾಟು ಇರುತ್ತಿದ್ದುದು ಕಡಿಮೆ. ದಿನಬಳಕೆಯ ಬಟ್ಟೆಗೆ ಗೋಡೆಯ ಗೂಟ, ಮಡಿಬಟ್ಟೆಗೆ ಸೂರಿನಿಂದ ತೂಗುಬಿಟ್ಟ ಬಿದಿರಿನ ಗಳ, ಹಬ್ಬ–ಮದುವೆಯ ಸೀರೆಗಳಿಗೆ ಮರದ ಪೆಟ್ಟಿಗೆ. ಇದು ಬಡತನದ ಮಾತಷ್ಟೇ ಅಲ್ಲ. ಸೀರೆ, ಪಂಚೆ, ಶಲ್ಯಗಳು ಹೊಲಿಗೆಯಿಲ್ಲದ ಬಟ್ಟೆಗಳು. ಮಡಿಸಿದರೆ ಅಂಗೈಯಗಲದ ಜಾಗ ಸಾಕು. ಅವುಗಳ ಶತ್ರುಗಳೆಂದರೆ ಗೆದ್ದಲು, ಇಲಿ, ನುಸಿ ಮತ್ತು ಮಳೆಗಾಲದ ಬೂಷ್ಟು. ಪೆಟ್ಟಿಗೆಯೊಳಗೆ ಲಾವಂಚದ ಬೇರು, ಬೇವಿನ ಎಲೆ ಇಡುತ್ತಿದ್ದುದು ಅದಕ್ಕಾಗಿಯೇ.

ತೂಗುಹಾಕುವ ಪದ್ಧತಿ ಹೊಲಿದ ಉಡುಪಿನೊಂದಿಗೆ ಬೆಳೆಯಿತು. ಇಂಗ್ಲೆಂಡಿನಲ್ಲೂ 18ನೆಯ ಶತಮಾನದ ಬಟ್ಟೆ ಕಪಾಟುಗಳಲ್ಲಿ ಎಳೆಯುವ ಹಲಗೆಗಳ ಮೇಲೆ ಬಟ್ಟೆಯನ್ನು ಮಡಿಸಿಯೇ ಇಡುತ್ತಿದ್ದರು. ಕೋಟು, ಗೌನುಗಳನ್ನು ತೂಗುಹಾಕುವ ಎತ್ತರದ ಕಪಾಟು ಸಾಮಾನ್ಯವಾದದ್ದು 19ನೆಯ ಶತಮಾನದಲ್ಲಿ. ನಮ್ಮಲ್ಲಿ ವಕೀಲರ, ಅಧಿಕಾರಿಗಳ ಮೈಮೇಲೆ ಕೋಟು ಬಂದಾಗ ಅದೂ ಬಂತು. ಒಂದು ಬಾಗಿಲಿನ ಹಿಂದೆ ಸರಳು, ಇನ್ನೊಂದರ ಹಿಂದೆ ಹಲಗೆಗಳಿರುವ ಎರಡು ಬಾಗಿಲಿನ ಬೀರು ಕೋಟಿಗೂ ಸೀರೆಗೂ ಆದ ರಾಜಿಯಂತೆ ಕಾಣುತ್ತದೆ.

ಇದನ್ನು ಮನೆಮಾತು ಮಾಡಿದ್ದು ಕಬ್ಬಿಣ. ಮುಂಬಯಿಯಲ್ಲಿ 1897ರಲ್ಲಿ ಬೀಗ ತಯಾರಿಸಲು ತೊಡಗಿದ ಅರ್ದೇಶಿರ್ ಗೋದ್ರೆಜ್ 1902ರಲ್ಲಿ ತಿಜೋರಿಗೆ ಕೈಹಾಕಿದರು. ಆ ಸಂಸ್ಥೆಯ ‘ಸ್ಟೋರ್‌ವೆಲ್’ ಬೀರು ಬಂದದ್ದು 1923ರಲ್ಲಿ. ಈ ಕ್ರಮವನ್ನು ಗಮನಿಸಬೇಕು: ಮೊದಲು ಬೀಗ, ಆಮೇಲೆ ತಿಜೋರಿ, ಕೊನೆಗೆ ಬಟ್ಟೆಯ ಬೀರು. ಹಿಡಿ ತಿರುಗಿಸಿದರೆ ಮೇಲೆ, ಕೆಳಗೆ, ಪಕ್ಕಕ್ಕೆ ಚಾಚಿಕೊಳ್ಳುವ ಅಗುಳಿ, ಒಳಗೊಂದು ಗುಪ್ತ ಖಾನೆ, ಇವೆಲ್ಲ ತಿಜೋರಿಯ ಬಳುವಳಿ. ಗೆದ್ದಲು ತಿನ್ನದ, ಇಲಿ ಕೊರೆಯದ, ಕಳ್ಳನಿಗೆ ಸುಲಭವಾಗಿ ಬಗ್ಗದ ಈ ಪೆಟ್ಟಿಗೆ ಮಧ್ಯಮ ವರ್ಗದ ಮನ ಗೆದ್ದುದರಲ್ಲಿ ಆಶ್ಚರ್ಯವಿಲ್ಲ. ಮುಂದೆ ಊರೂರಿನ ಶೆಡ್ಡುಗಳಲ್ಲಿ ತಗಡು ಬಗ್ಗಿಸಿ ತಯಾರಾದವನ್ನೂ ಜನ ‘ಗೋದ್ರೆಜ್ ಬೀರು’ ಎಂದೇ ಕರೆದರು.

ಮದುವೆಯ ಮಾತುಕತೆಯೊಳಗೂ ಅದು ನುಗ್ಗಿತು. ಹಿಂದೆ ವಧುವಿನ ಜೊತೆ ಪೆಟ್ಟಿಗೆಯೋ ಟ್ರಂಕೋ ಹೋಗುತ್ತಿತ್ತು. ಆ ಜಾಗಕ್ಕೆ ಬೀರು ಬಂತು. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲೇ ಬಂದರೂ ‘ನಾವೇ ಪ್ರೀತಿಯಿಂದ ಕೊಟ್ಟದ್ದು’ ಎಂಬ ಹೆಸರಿನಲ್ಲಿ ಮಂಚ, ಹಾಸಿಗೆ, ಬೀರು ಸಾಗುತ್ತಲೇ ಇದ್ದವು. ಬೀರು ಸೊಸೆಯದಾದರೂ ಬೀಗದ ಕೈ ಅತ್ತೆಯ ಸೊಂಟದಲ್ಲಿದ್ದ ಮನೆಗಳು ಕಡಿಮೆಯಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಹೆಣ್ಣಿನ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದಿತು. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಸ್ತ್ರೀಧನ ಗಂಡನ ಮನೆಯಲ್ಲಿದ್ದ ಮಾತ್ರಕ್ಕೆ ಗಂಡನದಾಗುವುದಿಲ್ಲ, ಅವರ ವಶಕ್ಕೆ ಒಪ್ಪಿಸಿದ್ದನ್ನು ಹಿಂದಿರುಗಿಸದಿದ್ದರೆ ಅದು ನಂಬಿಕೆದ್ರೋಹದ ಅಪರಾಧ ಎಂದು ಸ್ಪಷ್ಟಪಡಿಸಿತು. ಸೀರೆ–ಒಡವೆಗಳು ಯಾರ ಬೀರುವಿನಲ್ಲಿವೆ ಎಂಬುದು ಒಬ್ಬ ಹೆಂಗಸಿನ ಬದುಕಿನ ಪ್ರಶ್ನೆಯಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಆಯ್ಕೆಗೆ ಬರೋಣ. ಸಾಮಾನ್ಯ ಕಬ್ಬಿಣದ ಬೀರು ಆರೂವರೆ ಅಡಿ ಎತ್ತರ, 3 ಅಡಿ ಅಗಲ, ಸುಮಾರು 19 ಅಂಗುಲ ಆಳವಿರುತ್ತದೆ. ಮಡಿಸಿದ ಸೀರೆಗೆ ಇದು ಧಾರಾಳ. ಕೋಟು, ಷರ್ಟುಗಳನ್ನು ಸುಕ್ಕಾಗದಂತೆ ತೂಗುಹಾಕಲು 22ರಿಂದ 24 ಅಂಗುಲ ಬೇಕು. ಜರಿಯ ಸೀರೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿಟ್ಟು ಆಗಾಗ ಮಡಿಕೆ ಬದಲಿಸಬೇಕು, ನುಸಿಗುಳಿಗೆ ಜರಿಗೆ ತಾಗಬಾರದು. ಮಲೆನಾಡು, ಕರಾವಳಿಗಳಲ್ಲಿ ಮಳೆನೀರು ಬಡಿಯುವ ಹೊರಗೋಡೆಗೆ ಕಪಾಟನ್ನು ಒತ್ತಿ ನಿಲ್ಲಿಸಿದರೆ ಬೂಷ್ಟು ಖಂಡಿತ; ಹಿಂದೆ ನಾಲ್ಕು ಬೆರಳು ಗಾಳಿಯಾಡಲಿ.

ಇತ್ತೀಚೆಗೆ ಗೋಡೆಯುದ್ದಕ್ಕೂ ಕಟ್ಟಿಸುವ ಕಪಾಟುಗಳೇ ಹೆಚ್ಚು. ಅವು ಅಂದವಾಗಿವೆ, ಜಾಗವನ್ನೂ ಉಳಿಸುತ್ತವೆ. ಆದರೆ ಪೆಟ್ಟಿಗೆಯಾಗಲಿ ಬೀರುವಾಗಲಿ ಒಡತಿಯ ಹಿಂದೆಯೇ ಬೇರೆ ಮನೆಗೆ ಹೋಗಬಲ್ಲವು. ಗೋಡೆಯ ಕಪಾಟು ಮನೆಯ ಭಾಗ, ಅದು ಮನೆ ಯಾರದೋ ಅವರದು. ಆದ್ದರಿಂದ ಬಡಗಿಯನ್ನು ಕರೆಸಿದಾಗ ಹಲಗೆ, ಸರಳು, ಕನ್ನಡಿಗಳ ಜೊತೆಗೆ ಇನ್ನೊಂದನ್ನೂ ಹೇಳಿ ಮಾಡಿಸುವುದು ಒಳ್ಳೆಯದು. ಕೋಣೆಯಲ್ಲಿ ಇಬ್ಬರಿದ್ದರೆ ಬೀಗವಿರುವ ಖಾನೆಗಳೂ ಎರಡಿರಲಿ. ಒಂದರ ಕೈ ಅವಳ ಬಳಿಯೇ ಇರಲಿ.