ಕೆಱೆ ಕೆರೆಯಾದ ಕಥೆ



ಈ ಬಾರಿಯ ಬರಹ ಅಕ್ಷರಗಳ ಇತಿಹಾಸವನ್ನು ಕುರಿತದ್ದು; ಜೊತೆಗೆ ನನ್ನದೊಂದು ತಪ್ಪೊಪ್ಪಿಗೆಯೂ ಹೌದು.

ಚಿಂತಾಮಣಿಯಲ್ಲಿ ನನಗಿಂತ ಹಿರಿಯರಾದ ಕನ್ನಡ ಪಂಡಿತರೊಬ್ಬರು ಸಹೋದ್ಯೋಗಿಯಾಗಿದ್ದರು. ಭಾನುವಾರ ಬಂತೆಂದರೆ ಸೈಕಲ್ಲೇರಿ ಶಿಡ್ಲಘಟ್ಟ, ಗೌರಿಬಿದನೂರಿನ ಕಡೆಯ ಕೆರೆ ಏರಿಗಳನ್ನು ಸುತ್ತಿ, ವೀರಗಲ್ಲು, ದಾನಶಾಸನಗಳ ಪಾಠವನ್ನು ನೋಟುಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಪುಸ್ತಕ ನನ್ನ ಕೈಸೇರಿತು. 2004ರಲ್ಲಿ, ಕಂಪ್ಯೂಟರಿನ ಹೊಸ ಹುಮ್ಮಸ್ಸಿನಲ್ಲಿ, ಹಳೆಯ ವಿದ್ಯಾರ್ಥಿಯೊಬ್ಬನ ಸೈಬರ್ ಕೇಂದ್ರದಲ್ಲಿ ಕುಳಿತು ಅದನ್ನೆಲ್ಲ ಬೆರಳಚ್ಚು ಮಾಡಿದೆ. ಕೀಲಿಮಣೆಯಲ್ಲಿ ಎಷ್ಟು ಹುಡುಕಿದರೂ ಱ, ೞ ಎಂಬೆರಡು ಅಕ್ಷರಗಳು ನನಗೆ ಸಿಗಲಿಲ್ಲ. ಕೆಱೆಯನ್ನು ಕೆರೆ ಎಂದೂ ಏೞನ್ನು ಏಳು ಎಂದೂ ಬರೆದು ಮುಂದುವರಿದೆ. ಅರ್ಥವೇನೂ ಕೆಡಲಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಕಾಗುಣಿತಕ್ಕೆ ನಿಮ್ಮ ಅಂಕ ಕತ್ತರಿಸುತ್ತಿದ್ದವನು ನಾನೇ!

ಆ ಎರಡೂ ಸಾಮಾನ್ಯ ಅಕ್ಷರಗಳಲ್ಲ. ಱ ಶಕಟರೇಫ, ೞ ರಳ. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ರಳವನ್ನು ಪ್ರತ್ಯೇಕವಾಗಿ ವಿವರಿಸಬೇಕಾಯಿತೆಂದರೆ, ಅಷ್ಟು ಹೊತ್ತಿಗಾಗಲೇ ಜನ ಅದನ್ನು ಮರೆಯುತ್ತಿದ್ದರೆಂದೇ ನನ್ನ ಎಣಿಕೆ. ಮೊದಲು ೞ ಮರೆಯಾಯಿತು, ಆಮೇಲೆ ಱ. ಆದ್ದರಿಂದಲೇ ಕಾಲ ನಮೂದಾಗಿಲ್ಲದ ಶಾಸನದಲ್ಲಿ ಇವು ಸರಿಯಾಗಿ ಬಳಕೆಯಾಗಿವೆಯೇ, ತಾರುಮಾರಾಗಿವೆಯೇ ಎಂಬುದು ಅದರ ವಯಸ್ಸಿಗೆ ಒಂದು ಸುಳಿವು. ನಾನು ಅಳಿಸಿದ್ದು ಆ ಸುಳಿವನ್ನು.

ಇನ್ನೂ ಒಂದು ಅನಾಹುತ ಕಾದಿತ್ತು. ಅಂದಿನ ಅಕ್ಷರಶೈಲಿಗಳ ಬಹುಪಾಲು ಒಂದು ಉಪಾಯದಿಂದ ನಡೆಯುತ್ತಿದ್ದವು. ಕಂಪ್ಯೂಟರಿನೊಳಗೆ ಇಂಗ್ಲಿಷ್ ಮತ್ತಿತರ ಯೂರೋಪಿನ ಅಕ್ಷರಗಳಿಗೆ ಮೀಸಲಾದ ಸುಮಾರು 256 ಆಸನಗಳು. ಅವುಗಳ ಮೇಲೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸುವುದು. ಶೇಷಾದ್ರಿವಾಸು ಅವರು 1998ರಲ್ಲಿ ತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇವೆಲ್ಲ ನಮಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕಲಿಸಿದವು. ಆ ಋಣ ದೊಡ್ಡದು. ಆದರೆ ಅಂಥ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕೆಳಗಿದ್ದ ಪರಭಾಷೆಯ ಅಕ್ಷರಗಳೇ ಕಾಣುತ್ತಿದ್ದವು. ಅಮೆರಿಕದಲ್ಲಿರುವ ನನ್ನ ಸೋದರಳಿಯ ಪುಟವನ್ನು ತೆರೆದು, “ಮಾವ, ಇದು ಯಾವ ಲಿಪಿ?” ಎಂದು ಕೇಳಿದ.

ವಿಪರ್ಯಾಸವೆಂದರೆ, ನಾನು ಹುಡುಕುತ್ತಿದ್ದ ಅಕ್ಷರಗಳಿಗೆ 1991ರಲ್ಲೇ ಸ್ವಂತ ಆಸನ ದೊರೆತಿತ್ತು. ಆ ವರ್ಷ ಹೊರಬಂದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು. ವೆಬ್ ಪುಟದ ಸಂಕೇತದಲ್ಲಿ &#3249; ಎಂದು ಬರೆದರೆ ಱ ಮೂಡುತ್ತದೆ, &#3294; ಎಂದರೆ ೞ. ಕೀಲಿಮಣೆಯಲ್ಲಿ ಇರಬೇಕೆಂದೇ ಇಲ್ಲ! ಆದರೆ ಪಾಪ, ನಮ್ಮ ರಳಕ್ಕೆ ಅಲ್ಲಿಯೂ ಒಂದು ಅವಮಾನ ಕಾದಿತ್ತು. ಪಟ್ಟಿ ಮಾಡಿದವರು ಅದನ್ನು ‘ಕನ್ನಡ ಲೆಟರ್ ಫ’ ಎಂದು ತಪ್ಪಾಗಿ ನಮೂದಿಸಿದರು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಯೂನಿಕೋಡ್‌ನ ನಿಯಮ. ಹೀಗಾಗಿ ತಪ್ಪು ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದು ಸೇರಿದೆ. ಶಾಲಾ ದಾಖಲೆಯಲ್ಲಿ ಹೆಸರು ತಪ್ಪಾಗಿ, ಜೀವಮಾನವಿಡೀ ಅಫಿಡವಿಟ್ಟು ಹಿಡಿದು ಓಡಾಡುವ ನಮ್ಮ ಹುಡುಗರ ನೆನಪಾಯಿತು.

ಕಣ್ಣಿಗೆ ಕಾಣದ ಅಕ್ಷರವೂ ಒಂದಿದೆ. ‘ರ್ಯಾಂಕ್’ ಎಂದು ಅರ್ಕಾವೊತ್ತು ಬಂದು ಕೆಡುವುದನ್ನು ನೀವು ಕಂಡಿರಬಹುದು. ರಕಾರಕ್ಕೆ ಯ ಒತ್ತು ಬೇಕಾದರೆ &#3248;&#8205;&#3277;&#3247; ಎಂದು ಬರೆಯಬೇಕು. ಎರಡನೆಯದಾದ 8205ಕ್ಕೆ ಅಗಲವೂ ಇಲ್ಲ, ರೂಪವೂ ಇಲ್ಲ; ಅದಿದ್ದರೆ ಮಾತ್ರ ‘ರ‍್ಯಾಂಕ್’. ಹಳೆಯ ಬರಹಗಳಲ್ಲಿ ಕಾಣುವ ನಕಾರ ಪೊಲ್ಲು ಎಂಬ ಅಕ್ಷರಕ್ಕಂತೂ 2021ರಲ್ಲಷ್ಟೇ ಸ್ಥಾನ ಸಿಕ್ಕಿತು.

ನಿವೃತ್ತಿಯ ಬಳಿಕ ಹಳೆಯ ಕಡತವನ್ನು ಪರಿವರ್ತಕದ ಸಹಾಯದಿಂದ ಯೂನಿಕೋಡ್‌ಗೆ ತಂದೆ. ಓದಲು ಬಂತು. ಆದರೆ ನಾನೇ ತೆಗೆದುಹಾಕಿದ ಅಕ್ಷರವನ್ನು ಯಾವ ಪರಿವರ್ತಕ ತಂದುಕೊಟ್ಟೀತು? ನೋಟುಪುಸ್ತಕ ನೋಡೋಣವೆಂದರೆ ಅಟ್ಟದಲ್ಲಿ ಗೆದ್ದಲು ಹಿಡಿದು ಮಣ್ಣಾಗಿತ್ತು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟವೇ (1905) ಗತಿಯಾಯಿತು. ಅದು ಕೋಲಾರ ಜಿಲ್ಲೆಯ ಸಂಪುಟ. 2007ರವರೆಗೆ ನಮ್ಮ ತಾಲ್ಲೂಕುಗಳು ಆ ಜಿಲ್ಲೆಯವೇ. ಶಾಸನಗಳ ಮೂಲಪಾಠ ಅದರಲ್ಲಿ ಕನ್ನಡ ಅಕ್ಷರಗಳಲ್ಲೇ ಅಚ್ಚಾಗಿದೆ. ಸಾಲು ಸಾಲಾಗಿ ಹೋಲಿಸಿ, ಒಂದೊಂದೇ 3249, 3294 ಸೇರಿಸುತ್ತ ಹೋದೆ.

ಪಂಡಿತರು ಸ್ವತಃ ಕಂಡು ಬರೆದುಕೊಂಡಿದ್ದ ಎರಡು ವೀರಗಲ್ಲುಗಳು ಮಾತ್ರ ಆ ಸಂಪುಟದಲ್ಲಿ ನನಗೆ ಸಿಗಲಿಲ್ಲ. ಅವುಗಳ ಪಾಠದಲ್ಲಿ ‘ಕೆರೆ’ ಎಂದು ಬರುವಲ್ಲೆಲ್ಲ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ. ಒಂದು ಕಲ್ಲು ಶಿಡ್ಲಘಟ್ಟದ ಕಡೆಯದು, ಇನ್ನೊಂದು ಗೌರಿಬಿದನೂರಿನ ಕಡೆಯದು ಎಂದಷ್ಟೇ ನೆನಪು. ಆ ಕಡೆಯ ಶಿಷ್ಯರು ಯಾರಾದರೂ ಕೆರೆ ಏರಿಯ ಮೇಲೆ ಅಂಥ ಕಲ್ಲು ಕಂಡರೆ, ದಯವಿಟ್ಟು ಫೋಟೋ ತೆಗೆದು ಕಳಿಸಿ. ಸುಣ್ಣ ಬಳಿದಿದ್ದರೂ ಸರಿ.