ಮಗು ಯಾರ ಸುಪರ್ದಿಗೆ? ವಸಾಹತು ಕಾಲದ ಆಂಗ್ಲೋ-ಇಂಡಿಯನ್ ಮಕ್ಕಳು ಮತ್ತು ಕಾನೂನು

ತಂದೆ ಬ್ರಿಟಿಷ್ ಸಿಪಾಯಿ, ತಾಯಿ ಈ ನೆಲದವಳು. ತಂದೆ ಯುದ್ಧದಲ್ಲಿ ಸತ್ತರೆ ಅಥವಾ ರೆಜಿಮೆಂಟಿನೊಂದಿಗೆ ಊರಿಗೆ ಮರಳಿದರೆ ಮಗು ಯಾರ ಪಾಲಿಗೆ ಸೇರಬೇಕು? ಈ ಪ್ರಶ್ನೆಗೆ ವಸಾಹತು ಆಡಳಿತ ಕೊಟ್ಟ ಉತ್ತರದಲ್ಲಿ ತಾಯಿಗೆ ಹೆಚ್ಚು ಜಾಗವಿರಲಿಲ್ಲ. ಮಕ್ಕಳ ಸೇವೆಯಲ್ಲಿರುವ ನಾವು ಈ ಚರಿತ್ರೆಯನ್ನು ತಿಳಿದಿರುವುದು ಒಳ್ಳೆಯದು.

ಅನಾಥಾಲಯದಿಂದ ಮೈಸೂರು ಸರ್ವೆಗೆ

ಮದ್ರಾಸಿನ ಎಗ್ಮೋರಿನಲ್ಲಿ 1789ರಲ್ಲಿ ಸಿಪಾಯಿಗಳ ಗಂಡುಮಕ್ಕಳಿಗಾಗಿ ಮಿಲಿಟರಿ ಅನಾಥಾಲಯ ಆರಂಭವಾಯಿತು. ಆಂಡ್ರ್ಯೂ ಬೆಲ್ ಅದರ ಮೇಲ್ವಿಚಾರಕರಾಗಿದ್ದರು. ಅಲ್ಲಿದ್ದವರಲ್ಲಿ ಅನೇಕರು ಭಾರತೀಯ ತಾಯಂದಿರ ಮಕ್ಕಳು. 'ಅನಾಥ' ಎಂಬ ಹೆಸರಿದ್ದರೂ ಎಲ್ಲರ ತಾಯಂದಿರೂ ಸತ್ತಿರಲಿಲ್ಲ. ತಾಯಿಯ ಮನೆಯಿಂದ ಮಗುವನ್ನು ದೂರವಿಡುವುದೇ ಹಿತವೆಂದು ಆಗಿನ ಅಧಿಕಾರಿಗಳು ನಂಬಿದ್ದರು.

ಓದು ಮುಗಿಸಿದ ಹುಡುಗರನ್ನು ಕರಾರಿನ ಮೇಲೆ ಕಸುಬಿಗೆ ಕಳುಹಿಸಲಾಗುತ್ತಿತ್ತು. ಮೈಕೆಲ್ ಟಾಪಿಂಗ್ 1794ರಲ್ಲಿ ಮದ್ರಾಸಿನಲ್ಲಿ ತೆರೆದ ಸರ್ವೆ ಶಾಲೆಗೆ ಇಲ್ಲಿಂದಲೇ ಹುಡುಗರನ್ನು ಆರಿಸಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರು ಸರ್ವೆಯಲ್ಲಿ ಈ ಶಾಲೆಯ ಹುಡುಗರೂ ದುಡಿದರು. ನಮ್ಮ ನಾಡಿನ ಮೊದಲ ವಿವರವಾದ ನಕ್ಷೆಗಳಲ್ಲಿ ಅವರ ಬೆವರೂ ಇದೆ.

1850ರ ಅಪ್ರೆಂಟಿಸ್ ಕಾಯಿದೆ

ಈ ಪದ್ಧತಿಗೆ 1850ರ 19ನೇ ಕಾಯಿದೆ ಸ್ಪಷ್ಟ ರೂಪ ಕೊಟ್ಟಿತು. ಹತ್ತು ವರ್ಷ ದಾಟಿದ, ಹದಿನೆಂಟು ತುಂಬದ ಮಗುವನ್ನು ಏಳು ವರ್ಷದವರೆಗೆ ಯಜಮಾನನೊಬ್ಬನಿಗೆ ಕರಾರಿನಿಂದ ಒಪ್ಪಿಸಬಹುದಿತ್ತು. ಹುಡುಗಿಯಾದರೆ ಮದುವೆಯೊಂದಿಗೆ ಕರಾರು ಮುಗಿಯುತ್ತಿತ್ತು. ಒಪ್ಪಿಸುವ ಅಧಿಕಾರ 'ತಂದೆ ಅಥವಾ ಪಾಲಕ'ನದು. ಅನಾಥರ ಪರವಾಗಿ ಮ್ಯಾಜಿಸ್ಟ್ರೇಟ್, ಧರ್ಮಸಂಸ್ಥೆಗಳಲ್ಲಿ ಬೆಳೆದವರ ಪರವಾಗಿ ಅದರ ವ್ಯವಸ್ಥಾಪಕರು ಸಹಿ ಹಾಕಬಹುದಿತ್ತು. ತಾಯಿಯ ಹೆಸರು ಅಲ್ಲಿಲ್ಲ.

ಸ್ಕಿನ್ನರ್ ಮೊಕದ್ದಮೆ

ಕರಾರಿನ ಮಾತು ಹೀಗಾದರೆ, ನ್ಯಾಯಾಲಯದಲ್ಲಿ ತಾಯಿಯ ಸ್ಥಿತಿ ಏನಿತ್ತು? ಉತ್ತರ ಭಾರತದಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋದ 'ಸ್ಕಿನ್ನರ್ ವಿರುದ್ಧ ಆರ್ಡ್' ಮೊಕದ್ದಮೆ ಇದನ್ನು ತೋರಿಸುತ್ತದೆ. ಕ್ರೈಸ್ತ ಜಾರ್ಜ್ ಸ್ಕಿನ್ನರ್ ತೀರಿಕೊಂಡ ಮೇಲೆ ಅವರ ವಿಧವೆ, ಹೆಂಡತಿಯಿದ್ದ ಮತ್ತೊಬ್ಬ ಕ್ರೈಸ್ತನ ಜೊತೆ ಬಾಳತೊಡಗಿದಳು. ಇಬ್ಬರೂ ಇಸ್ಲಾಂ ಸ್ವೀಕರಿಸಿದರು. ಮಗಳು ಯಾರ ಬಳಿ ಬೆಳೆಯಬೇಕೆಂಬ ವಿವಾದದಲ್ಲಿ, ಮಗು ತಂದೆಯ ಧರ್ಮದಲ್ಲೇ ಬೆಳೆಯಬೇಕೆಂಬ ನಿಯಮವನ್ನು ಹಿಡಿದು, ಆಕೆಯನ್ನು ತಾಯಿಯಿಂದ ಬೇರ್ಪಡಿಸಿದ್ದನ್ನು ಪ್ರಿವಿ ಕೌನ್ಸಿಲ್ 1871ರಲ್ಲಿ ಎತ್ತಿಹಿಡಿಯಿತು.

ತೀರ್ಪು ನಮ್ಮ ಧರ್ಮದ ಪರವಾಗಿತ್ತೆಂದು ನಾವು ಸಮಾಧಾನಪಡುವಂತಿಲ್ಲ. ಅಲ್ಲಿ ಮಗುವಿನ ಹಿತಕ್ಕಿಂತ ಸತ್ತ ತಂದೆಯ ಹಕ್ಕು ಮುಂದೆ ನಿಂತಿತು.

ಇಂದು

1890ರ ಪಾಲಕರು ಮತ್ತು ಪಾಲಿತರ ಕಾಯಿದೆಯ 17ನೇ ಕಲಮು ಮಗುವಿನ ಹಿತವನ್ನು ನೋಡಬೇಕೆಂದಿತು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಪರಿಗಣಿಸಬಹುದೆಂದಿತು. ಈ ಕಾಯಿದೆ ಈಗಲೂ ಜಾರಿಯಲ್ಲಿದೆ. ಇದೇ ಕಾಯಿದೆಯಡಿ 2015ರಲ್ಲಿ ಸುಪ್ರೀಂ ಕೋರ್ಟ್, ಅವಿವಾಹಿತ ಕ್ರೈಸ್ತ ತಾಯಿಯೊಬ್ಬಳು ತಂದೆಯ ಹೆಸರು ಹೇಳದೆ, ಅವನಿಗೆ ನೋಟಿಸು ಕೊಡದೆ ಪಾಲಕತ್ವ ಕೇಳಬಹುದೆಂದು ತೀರ್ಪಿತ್ತಿತು. ತಾಯಿಗೆ ಸಿಗಬೇಕಾದ ಜಾಗ ಸಿಗಲು ಇಷ್ಟು ಕಾಲ ಬೇಕಾಯಿತು.

ಕರಾವಳಿಯಿಂದ ಹೋಗಿ ಬೆಂಗಳೂರಿನ ಬಸವೇಶ್ವರನಗರದಲ್ಲಿ ನೆಲೆಸಿದ ಕುಟುಂಬವಾಗಲಿ, ಇಲ್ಲಿಯ ಕುಟುಂಬವಾಗಲಿ, ಪಾಲಕತ್ವದ ವಿವಾದವಿದ್ದರೆ ಕೌಟುಂಬಿಕ ನ್ಯಾಯಾಲಯಕ್ಕೇ ಹೋಗಬೇಕು. ಧರ್ಮಕೇಂದ್ರಗಳ ಸೇವಕರಿಗೆ ಒಂದು ಮಾತು: ಬಿಟ್ಟುಹೋದ ಮಗು ಸಿಕ್ಕರೆ 2015ರ ಬಾಲನ್ಯಾಯ ಕಾಯಿದೆಯಂತೆ 24 ಗಂಟೆಯೊಳಗೆ 1098ಕ್ಕೆ, ಪೊಲೀಸರಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಒಳ್ಳೆಯ ಮನಸ್ಸಿನಿಂದಲೇ ಆದರೂ ಮಗುವನ್ನು ನಾವಾಗಿ ಯಾರ ಕೈಗೂ ಒಪ್ಪಿಸಕೂಡದು. ಎಗ್ಮೋರಿನ ಅನಾಥಾಲಯ ನಡೆಸಿದವರೂ ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ನಂಬಿದ್ದರು.