ಹದಿಹರೆಯದವರ ಶಿಕ್ಷಣ ಕಾರ್ಯಕ್ರಮ

ಶಾಲಾ ಮಕ್ಕಳಿಗೆ ಎಚ್‌ಐವಿ ತಡೆಯ ತಿಳಿವಳಿಕೆ ನೀಡಲು ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ ಹಾಗೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) 2005ರಲ್ಲಿ ಜಂಟಿಯಾಗಿ ಆರಂಭಿಸಿದ ಯೋಜನೆ. 9 ಮತ್ತು 11ನೇ ತರಗತಿಗಳಿಗೆ ವರ್ಷಕ್ಕೆ 16 ಗಂಟೆಗಳ ಪಾಠ ನಿಗದಿಯಾಗಿತ್ತು. ಸೋಂಕು ಹರಡುವ ಬಗೆಯ ಜೊತೆಗೆ ದೇಹದ ಬದಲಾವಣೆ, ಒತ್ತಡಕ್ಕೆ ಮಣಿಯದೆ ಬೇಡವೆನ್ನುವುದು, ಸೋಂಕಿತರನ್ನು ದೂರವಿಡದಿರುವುದು ಇದರಲ್ಲಿ ಸೇರಿದ್ದವು. ಹೆಚ್ಚು ಫಲ ಕೊಟ್ಟ ಸಾಧನ ಬಹುಶಃ ಪ್ರಶ್ನೆ ಪೆಟ್ಟಿಗೆಯೇ: ಹೆಸರು ಬರೆಯದ ಚೀಟಿಯನ್ನು ಮಕ್ಕಳು ಅದರಲ್ಲಿ ಹಾಕುತ್ತಾರೆ, ಶಿಕ್ಷಕರು ತರಗತಿಯ ಮುಂದೆ ಓದಿ ಉತ್ತರಿಸುತ್ತಾರೆ. ಸೊಳ್ಳೆ ಕಚ್ಚಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ರೋಗ ಬರುತ್ತದೆಯೇ ಎಂಬಂಥ ಸಂದೇಹಗಳು ಬಾಯಿಬಿಟ್ಟು ಕೇಳದವರಿಂದಲೂ ಹೀಗೆ ಹೊರಬರುತ್ತವೆ.

ಕೈಪಿಡಿಯ ಚಿತ್ರಗಳು ಮರ್ಯಾದೆ ಮೀರಿವೆ ಎಂಬ ಆಕ್ಷೇಪ ಎದ್ದು, 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಪಾಠವನ್ನು ತಡೆಹಿಡಿದವು. ಬಳಿಕ ನ್ಯಾಕೋ ಪಠ್ಯವನ್ನು ಪರಿಷ್ಕರಿಸಿತು.

ನಗರದ ಕೊಳೆಗೇರಿಗಳ ಮಟ್ಟಿಗೆ ಯೋಜನೆಯ ದೊಡ್ಡ ಕೊರತೆ ಈ ವಿವಾದವಲ್ಲ, ತರಗತಿಯ ಆಯ್ಕೆ. ಗಾರೆ ಕೆಲಸಕ್ಕೋ ಗ್ಯಾರೇಜಿಗೋ ಮನೆಗೆಲಸಕ್ಕೋ ಸೇರಿ ಎಂಟನೆಯ ತರಗತಿಯೊಳಗೇ ಶಾಲೆ ಬಿಟ್ಟವರಿಗೆ ಒಂಬತ್ತನೆಯ ತರಗತಿಯ ಪಾಠ ತಲುಪುವುದಿಲ್ಲ. ಇಂಥವರಿಗಾಗಿ ಬೀದಿ ನಾಟಕ, ಓರಗೆಯವರ ಮೂಲಕ ಕಲಿಕೆ ಮುಂತಾದವು ಬಳಕೆಯಲ್ಲಿವೆ. ಗುಟ್ಟಾಗಿ ವಿಚಾರಿಸಲು ನ್ಯಾಕೋದ ಉಚಿತ ಸಹಾಯವಾಣಿ 1097 ಇದೆ. ಸೋಂಕಿತ ಮಗುವಿಗೆ ಶಾಲೆಯಲ್ಲಿ ಪ್ರವೇಶ ನಿರಾಕರಿಸುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸಿದೆ.